ಯಂತ್ರ ಬರುವವರೆಗೆ: ಸ್ಲೀಪ್ ಆಪ್ನಿಯಾ ಇದ್ದ ಒಬ್ಬ ಟೆಂಪೊ ಚಾಲಕರ ಪ್ರಕರಣ

ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆ, ಎಂದು ವರದಿ ಬಂದ ದಿನಕ್ಕೂ ಚಿಕಿತ್ಸೆ ಶುರುವಾಗುವ ದಿನಕ್ಕೂ ನಡುವೆ ನಮ್ಮ ಕಡೆ ವಾರಗಳು, ಎಷ್ಟೋ ಸಲ ತಿಂಗಳುಗಳು ಸರಿದುಹೋಗುತ್ತವೆ. ಈ ಅವಧಿಯ ಬಗ್ಗೆ ರೋಗಿಯ ಕಡತದಲ್ಲಿ ಒಂದು ಸಾಲೂ ಇರುವುದಿಲ್ಲ. ನಿದ್ರಾ ಪರೀಕ್ಷೆಯ ವರದಿ ಇರುತ್ತದೆ, ಆಮೇಲೆ ಉಸಿರಿನ ದಾರಿ ತೆರೆದಿಡುವ ಯಂತ್ರದ ಬಿಲ್ಲು ಇರುತ್ತದೆ. ನಡುವೆ ಆ ಮನುಷ್ಯ ಹೇಗೆ ದುಡಿದರು, ಹೇಗೆ ಎಚ್ಚರ ಉಳಿಸಿಕೊಂಡರು ಎಂದು ಯಾರೂ ಬರೆದಿಡುವುದಿಲ್ಲ. ಇಡೀ ಕಾಯಿಲೆಯಲ್ಲಿ ಅತ್ಯಂತ ಅಪಾಯದ ದಿನಗಳು ಇವೇ ಎಂದು ನಾನು ನಂಬಿದ್ದೇನೆ. ಕಾಯುವುದು ಚಿಕಿತ್ಸೆಗೆ ಮೊದಲಿನ ಖಾಲಿ ಜಾಗವಲ್ಲ; ಆ ದಿನಗಳಿಗೂ ಔಷಧ ಚೀಟಿ ಬರೆಯಬೇಕು. ಅದಕ್ಕಾಗಿಯೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ರೋಗಿ ಮತ್ತು ಅವರ ಹೆಂಡತಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ 44 ವರ್ಷ. ತಿಪಟೂರು ಕಡೆಯವರು. ತೆಂಗಿನಕಾಯಿ ಮಂಡಿಯೊಂದರಲ್ಲಿ ಹಲವು ವರ್ಷಗಳಿಂದ ಟೆಂಪೊ ಚಾಲಕರು. ರಾತ್ರಿ ಒಂದರ ಸುಮಾರಿಗೆ ಲೋಡು ಕಟ್ಟಿಕೊಂಡು ಹೊರಟು ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು, ನೆಲಮಂಗಲ ದಾಟಿ, ಬೆಳಕು ಹರಿಯುವ ಮೊದಲೇ ಯಶವಂತಪುರ ಸೇರುವುದು ಅವರ ದಿನಚರಿ. ಕಾಯಿ ಇಳಿಸಿ ಮಧ್ಯಾಹ್ನದೊಳಗೆ ವಾಪಸು. ನಿದ್ದೆ ಎಂದರೆ ಸಂಜೆ ಎಂಟರಿಂದ ನಡುರಾತ್ರಿಯವರೆಗೆ ಒಂದು ಕಂತು, ಮಧ್ಯಾಹ್ನ ಇನ್ನೊಂದು ಕಂತು. ಹೀಗಾಗಿ ಸುಸ್ತಿಗೆ ಕಾರಣ ಎಲ್ಲರಿಗೂ ಮೊದಲೇ ಗೊತ್ತಿತ್ತು: ರಾತ್ರಿ ಡ್ರೈವಿಂಗು. ಅವರೂ ಹಾಗೆಯೇ ಅಂದುಕೊಂಡಿದ್ದರು. ನಿಜವಾದ ಕಾಯಿಲೆ ಇಷ್ಟು ವರ್ಷ ಅಡಗಿ ಕೂತದ್ದು ಈ ಸುಲಭದ ಉತ್ತರದ ಹಿಂದೆ.

ಅವರು ನನ್ನ ಬಳಿ ಬಂದದ್ದು ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ ಎಂಬ ದೂರಿಗೆ. ಸಕ್ಕರೆ ಕಾಯಿಲೆ ಇರಬಹುದೆಂಬ ಹೆದರಿಕೆ ಇತ್ತು. ರಕ್ತದೊತ್ತಡ 150/96. ಎತ್ತರ 168 ಸೆಂಟಿಮೀಟರ್, ತೂಕ 88 ಕಿಲೊ, ಕುತ್ತಿಗೆಯ ಸುತ್ತಳತೆ 42 ಸೆಂಟಿಮೀಟರ್. ಬಾಯಿ ತೆರೆಸಿ ನೋಡಿದರೆ ಕಿರುನಾಲಿಗೆಯೇ ಕಾಣದಷ್ಟು ಇಕ್ಕಟ್ಟು. ಆಂಧ್ರ ಮೂಲದ ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಟಿ ಈ ಇಕ್ಕಟ್ಟನ್ನು ಅಂದಾಜು ಮಾಡಲು 1985ರಲ್ಲಿ ಕೊಟ್ಟ ವರ್ಗೀಕರಣವನ್ನು ಇಂದಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಅದರ ನಂತರದ ಪರಿಷ್ಕೃತ ರೂಪದ ಪ್ರಕಾರ ಇದು ನಾಲ್ಕನೆಯ, ಅಂದರೆ ಅತ್ಯಂತ ಕಿರಿದಾದ ದರ್ಜೆ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಮಾತುಮಾತಿಗೆ ಸಿಡುಕು. ಗೊರಕೆ ಹೊಡೆಯುತ್ತೀರಾ ಎಂದು ಕೇಳಿದ್ದಕ್ಕೆ ಅವರು ನಕ್ಕರು. ಹೆಂಡತಿ ನಗಲಿಲ್ಲ. ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದರು.

ಮಂದ ಬೆಳಕಿನಲ್ಲಿ ಅಂಗಾತ ಮಲಗಿದ ಮನುಷ್ಯ. ಜೋರು ಗೊರಕೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎದೆ ಮಾತ್ರ ಏರಿಳಿಯುತ್ತಿದೆ, ಹೊಟ್ಟೆ ಅದಕ್ಕೆ ಎದುರಾಗಿ ಒಳಕ್ಕೆ ಎಳೆದುಕೊಳ್ಳುತ್ತಿದೆ, ಮೂಗು ಬಾಯಿಗಳಿಂದ ಸದ್ದೇ ಇಲ್ಲ. ಹಿನ್ನೆಲೆಯಲ್ಲಿ ಆಕೆಯ ದನಿ, ಮೆಲ್ಲಗೆ ಎಣಿಸುತ್ತಿದೆ. ಮೂವತ್ತೆಂಟಕ್ಕೆ ಬಂದಾಗ ಆತ ನೀರಿನಿಂದ ಮೇಲೆದ್ದವರಂತೆ ಒಮ್ಮೆ ಗಟ್ಟಿಯಾಗಿ ಉಸಿರೆಳೆದು ಮಗ್ಗುಲಾಗುತ್ತಾರೆ. "ಡಾಕ್ಟರೇ, ಎಷ್ಟೋ ರಾತ್ರಿ ನಾನು ಇವರ ಮೂಗಿನ ಹತ್ತಿರ ಬೆರಳಿಟ್ಟು ಕೂತಿರುತ್ತೇನೆ" ಎಂದರು. ಆಕೆಯ ಕಣ್ಣ ಕೆಳಗೂ ಕಪ್ಪಾಗಿತ್ತು. ಈ ಕಾಯಿಲೆ ಒಂದೇ ಹಾಸಿಗೆಯಲ್ಲಿ ಇಬ್ಬರ ನಿದ್ದೆ ಕೆಡಿಸುತ್ತದೆ. ಲೆಕ್ಕಕ್ಕೆ ಬರುವುದು ಒಬ್ಬರದು ಮಾತ್ರ.

ಆ ವಿಡಿಯೊದಲ್ಲಿ ನಡೆಯುತ್ತಿರುವುದು ಇಷ್ಟು. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಎಲ್ಲರಿಗೂ ಸಡಿಲವಾಗುತ್ತವೆ. ದಾರಿ ಮೊದಲೇ ಕಿರಿದಾಗಿದ್ದವರಲ್ಲಿ ನಾಲಿಗೆಯ ಬುಡ ಮತ್ತು ಮೃದು ಅಂಗುಳು ಹಿಂದಕ್ಕೆ ಸರಿದು ಗಾಳಿಯ ದಾರಿ ಮುಚ್ಚುತ್ತದೆ. ಎಳನೀರಿನ ಕಾಗದದ ಸ್ಟ್ರಾ ನೆನೆದ ಮೇಲೆ ಜೋರಾಗಿ ಹೀರಿದಷ್ಟೂ ಅಂಟಿಕೊಳ್ಳುತ್ತದಲ್ಲ, ಹಾಗೆ ಎದೆ ಎಳೆದಷ್ಟೂ ಗಂಟಲು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಕೆಲವು ಕ್ಷಣ ಎಚ್ಚರಗೊಂಡು ದಾರಿ ಬಿಡಿಸುತ್ತದೆ. ಬೆಳಿಗ್ಗೆ ಇದಾವುದೂ ನೆನಪಿರುವುದಿಲ್ಲ. ರಾತ್ರಿಯ ಮೂತ್ರಕ್ಕೂ ಉತ್ತರ ಇಲ್ಲೇ ಇದೆ: ಮುಚ್ಚಿದ ದಾರಿಯ ವಿರುದ್ಧ ಎದೆ ಎಳೆಯುವಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ, ಅವು ಸ್ರವಿಸುವ ಹಾರ್ಮೋನು ಮೂತ್ರವನ್ನು ಹೆಚ್ಚಿಸುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಹಗಲಿನ ಮಂಪರನ್ನು ಅಳೆಯಲು ಎಪ್‌ವರ್ತ್ ಪ್ರಶ್ನಾವಳಿ ಬಳಸಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಎಪ್‌ವರ್ತ್ ಆಸ್ಪತ್ರೆಯಲ್ಲಿದ್ದ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು. ಎಂಟು ಸನ್ನಿವೇಶ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಮೊತ್ತ ಹತ್ತನ್ನು ಮೀರಿದರೆ ಮಂಪರು ಸಹಜವಲ್ಲ. ಇದರ ಒಳ್ಳೆಯ ಗುಣವೆಂದರೆ ನಿಮಗೆ ಸುಸ್ತಾಗುತ್ತದೆಯೇ ಎಂದು ಕೇಳುವುದಿಲ್ಲ, ತೂಕಡಿಸುತ್ತೀರಾ ಎಂದು ಕೇಳುತ್ತದೆ. ಅವರ ಮೊತ್ತ 17. ನನ್ನನ್ನು ಕಾಡಿದ್ದು ಮೊತ್ತಕ್ಕಿಂತ ಕೊನೆಯ ಪ್ರಶ್ನೆ, ವಾಹನ ದಟ್ಟಣೆಯಲ್ಲಿ ಕೆಲವು ನಿಮಿಷ ನಿಂತಾಗ ಜೋಂಪು ಹತ್ತುತ್ತದೆಯೇ ಎಂಬುದು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಹಿಂದಿನವರು ಹಾರ್ನ್ ಹೊಡೆದು ಎಬ್ಬಿಸಿದ್ದುಂಟು ಎಂದರು. ಅಂಕ ಒಂದೇ ಕೊಟ್ಟರು, "ಯಾವಾಗಲೋ ಒಮ್ಮೆ" ಎಂದು.

ಎದೆರೋಗ ತಜ್ಞರಿಗೆ ಪತ್ರ ಬರೆದೆ. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಉಪಕರಣದಿಂದ, ರಜೆಯ ಒಂದು ರಾತ್ರಿ ಪರೀಕ್ಷೆ ಆಯಿತು. ಆರೂವರೆ ಗಂಟೆಯ ದಾಖಲೆಯಲ್ಲಿ ಉಸಿರು ಪೂರ್ತಿ ನಿಂತದ್ದು ಅಥವಾ ಗಣನೀಯವಾಗಿ ಇಳಿದದ್ದು ಒಟ್ಟು 268 ಬಾರಿ, ಅಂದರೆ ಗಂಟೆಗೆ 41. ಗಂಟೆಗೆ 30 ದಾಟಿದರೆ ತೀವ್ರ ಎಂದು ಲೆಕ್ಕ. ಅತಿ ದೀರ್ಘವಾಗಿ ಉಸಿರು ನಿಂತದ್ದು 58 ಸೆಕೆಂಡು, ಆಮ್ಲಜನಕ ಇಳಿದ ತಳ ಶೇಕಡಾ 74. ವರದಿಯ ಎರಡನೆಯ ಪುಟದಲ್ಲಿ, ಸಾಮಾನ್ಯವಾಗಿ ಯಾರೂ ತಿರುವಿ ನೋಡದ ಕಡೆ, ಇನ್ನೊಂದು ಸಂಖ್ಯೆ ಇತ್ತು: ಅಂಗಾತ ಮಲಗಿದಾಗ ಗಂಟೆಗೆ 56, ಮಗ್ಗುಲಾಗಿ ಮಲಗಿದಾಗ 24. ಮುಂದಿನ ತಿಂಗಳುಗಳಲ್ಲಿ ನಮಗೆ ಆಸರೆಯಾದದ್ದು ಈ ಸಾಲು.

ಚಿಕಿತ್ಸೆ ಏನೆಂಬುದರಲ್ಲಿ ಗೊಂದಲವಿರಲಿಲ್ಲ. ಸಿಪ್ಯಾಪ್ ಯಂತ್ರ. ಸಿಡ್ನಿ ವಿಶ್ವವಿದ್ಯಾಲಯದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಐವರು ರೋಗಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದಾಗಿನಿಂದ ತತ್ತ್ವ ಬದಲಾಗಿಲ್ಲ: ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಊದುತ್ತಿದ್ದರೆ ಗಂಟಲಿನ ದಾರಿ ಮುಚ್ಚುವುದಿಲ್ಲ. ಅದು ಕಾಯಿಲೆಯನ್ನು ವಾಸಿಮಾಡುವುದಿಲ್ಲ. ಹಾಕಿಕೊಂಡ ರಾತ್ರಿ ಕೆಲಸ ಮಾಡುತ್ತದೆ, ತೆಗೆದಿಟ್ಟ ರಾತ್ರಿ ಮಾಡುವುದಿಲ್ಲ.

ಹಾಗಾದರೆ ಮರುದಿನವೇ ಯಾಕೆ ಕೊಡಲಿಲ್ಲ? ಕಾರಣ ಎರಡು. ಅನೇಕರಿಗೆ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರವನ್ನು ಕೊಟ್ಟು ನೇರವಾಗಿ ಮನೆಗೆ ಕಳಿಸಬಹುದು. ಇವರ ರಕ್ತದಲ್ಲಿ ಬೈಕಾರ್ಬೊನೇಟ್ 28 ಇತ್ತು. ಬೊಜ್ಜು ಇರುವವರಲ್ಲಿ ಅದು 27ಕ್ಕೆ ಏರಿದ್ದರೆ, ಉಸಿರಾಟ ಮಂದವಾಗಿ ಇಂಗಾಲದ ಡೈಆಕ್ಸೈಡು ದೇಹದಲ್ಲಿ ಉಳಿಯುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಹಾಗೇನಾದರೂ ಇದ್ದರೆ ಯಂತ್ರದ ಬಗೆಯೇ ಬೇರೆಯಾಗಬಹುದು. ಅದಕ್ಕಾಗಿ ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ಮಲಗಿಸಿ, ಒತ್ತಡ ಹೊಂದಿಸಿ ನೋಡಬೇಕು ಎಂದು ತಜ್ಞರು ಹೇಳಿದರು. ಅದು ಸರಿಯಾದ ಸಲಹೆ. ಆಗ ಆಷಾಢ ಮುಗಿಯುತ್ತಾ ಬಂದಿತ್ತು, ಸಿಕ್ಕ ದಿನಾಂಕ ದೀಪಾವಳಿಯ ನಂತರದ್ದು.

ಎರಡನೆಯ ಕಾರಣ ದುಡ್ಡು. ಯಂತ್ರ, ಮುಖವಾಡ, ತೇವಾಂಶದ ಡಬ್ಬಿ ಎಲ್ಲ ಸೇರಿ 46,000 ರೂಪಾಯಿ ಎಂದು ಮಾರಾಟಗಾರರು ಬರೆದುಕೊಟ್ಟರು. ರೋಗಿಯ ಬಳಿ ಇದ್ದ ಆರೋಗ್ಯ ಕಾರ್ಡು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ ಮಾತ್ರ. ಮಂಡಿಯ ಯಜಮಾನರು ಮಾಡಿಸಿಕೊಟ್ಟಿದ್ದ ಖಾಸಗಿ ವಿಮೆಯ ಪುಸ್ತಕದಲ್ಲಿ, ಪಾವತಿಸಲಾಗದ ವಸ್ತುಗಳ ಪಟ್ಟಿಯೊಳಗೆ ಸಿಪ್ಯಾಪ್ ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು. ಪಾರ್ಶ್ವವಾಯು ಬಡಿದು ಮಲಗಿದರೆ ಲಕ್ಷಗಟ್ಟಲೆ ಕೊಡುವ ವಿಮೆ, ರಾತ್ರಿಯಿಡೀ ಉಸಿರು ಉಳಿಸುವ ಯಂತ್ರಕ್ಕೆ ಒಂದು ರೂಪಾಯಿ ಕೊಡುವುದಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಾಡಿಗೆಗೆ ಯಂತ್ರ ಕೇಳಿ ನೋಡಿದೆವು. ಕೇಳಿದ ಠೇವಣಿ ಅವರ ಒಂದು ತಿಂಗಳ ದುಡಿಮೆಯನ್ನು ಮೀರಿತ್ತು.

ಸ್ಟೇರಿಂಗ್ ಬಿಡಿಸಿದ ಬಗೆ

ವರದಿ ಕೈಗೆ ಬಂದ ದಿನವೇ ವಾಹನ ಓಡಿಸುವುದನ್ನು ನಿಲ್ಲಿಸಬೇಕೆಂದು ಹೇಳಿದೆ. ಈ ಮಾತನ್ನು ನಯವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ, ಹುಡುಕಲೂ ಇಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಒಂದು ಗೀರೂ ಬಿದ್ದಿಲ್ಲ ಡಾಕ್ಟರೇ" ಎಂದರು. ಅದು ನಿಜವಿರಬಹುದು. ಆದರೆ ಮಂಪರಿನಲ್ಲಿರುವ ಮೆದುಳು ತನ್ನ ಮಂಪರನ್ನು ಅಳೆಯುವ ಶಕ್ತಿಯನ್ನೇ ಮೊದಲು ಕಳೆದುಕೊಳ್ಳುತ್ತದೆ. ಮೂರು ನಾಲ್ಕು ಸೆಕೆಂಡಿನ ಜೋಂಪು ಬಂದುಹೋದದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿ ಮೂರು ಸೆಕೆಂಡು ಎಂದರೆ 50 ಮೀಟರ್ ದೂರ ಟೆಂಪೊ ತಾನಾಗಿ ಓಡಿದಂತೆ. ಈ ಲೆಕ್ಕವನ್ನು ಚೀಟಿಯ ಹಿಂದೆ ಬರೆದು ತೋರಿಸಿದೆ. ಅಂಗಳದಲ್ಲಿ ಆಡುವ ಮಕ್ಕಳ ಬಗ್ಗೆ ನಾನು ಏನೂ ಹೇಳಬೇಕಾಗಲಿಲ್ಲ. ನಿಟ್ಟೂರಿನ ಹತ್ತಿರ ಒಂದು ಬೆಳಗಿನ ಜಾವ ಕ್ಲೀನರ್ ಹುಡುಗ ಕಿರುಚಿದ್ದರಿಂದ ಎಡಕ್ಕೆ ಎಳೆದದ್ದನ್ನು ಅವರೇ ಹೇಳಿದರು, ಹೆಂಡತಿಗೂ ಅದು ಅಂದೇ ಮೊದಲು ತಿಳಿದದ್ದು.

ಚಾಲಕರಲ್ಲಿ ನಿದ್ದೆ ತಡೆಯುವ ಉಪಾಯಗಳು ಬೇಕಾದಷ್ಟಿವೆ. ಕಿಟಕಿ ಇಳಿಸಿ ತಣ್ಣನೆ ಗಾಳಿಗೆ ಮುಖ ಒಡ್ಡುವುದು, ಹಾಡು ಜೋರಾಗಿ ಹಾಕುವುದು, ಎಲೆ ಅಡಿಕೆ, ಮುಖಕ್ಕೆ ನೀರು. ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದಲ್ಲಿ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ 1990ರ ದಶಕದಲ್ಲಿ ಕೃತಕ ವಾಹನದಲ್ಲಿ ಜನರನ್ನು ಕೂರಿಸಿ ಇವುಗಳಲ್ಲಿ ಕೆಲವನ್ನು ಪರೀಕ್ಷಿಸಿದ್ದಾರೆ. ತಣ್ಣನೆ ಗಾಳಿ ಮತ್ತು ರೇಡಿಯೊದಿಂದ ಸಿಗುವ ಲಾಭ ಅಲ್ಪ, ಸಿಕ್ಕರೂ ಕೆಲವೇ ನಿಮಿಷ. ನಿಜಕ್ಕೂ ಕೆಲಸ ಮಾಡಿದ್ದು ಗಾಡಿ ನಿಲ್ಲಿಸಿ ಕಾಫಿ ಕುಡಿಯುವುದು ಮತ್ತು ಕಾಲು ಗಂಟೆ ಕಣ್ಣು ಮುಚ್ಚುವುದು. ಅದು ಕೂಡ ರಾತ್ರಿ ಕಡಿಮೆ ಮಲಗಿದ ಆರೋಗ್ಯವಂತರಿಗೆ. ಗಂಟೆಗೆ 41 ಬಾರಿ ಉಸಿರು ಕಟ್ಟುವವರಿಗೆ ಅದು ರಸ್ತೆಗಿಳಿಯುವ ಪರವಾನಗಿಯಲ್ಲ.

ಚಾಲಕನಿಗೆ ಗಾಡಿ ಬಿಡು ಎಂದು ಹೇಳಿ ಕಳಿಸಿಬಿಟ್ಟರೆ ಆತ ಇನ್ನೊಬ್ಬ ವೈದ್ಯರ ಬಳಿಗೆ ಹೋಗುತ್ತಾನೆ, ಅಥವಾ ಯಾರ ಬಳಿಗೂ ಹೋಗುವುದಿಲ್ಲ. ಸಂಬಳ ಉಳಿಯುವ ದಾರಿ ತೋರಿಸದ ಸಲಹೆಯನ್ನು ಸಲಹೆ ಎನ್ನಲಾಗದು. ಅವರ ಅನುಮತಿ ಪಡೆದು ಮಂಡಿಯ ಯಜಮಾನರನ್ನು ಕರೆಸಿದೆ. ಶ್ರಾವಣ ಮುಂದಿತ್ತು, ಗೌರಿ ಗಣೇಶ ಹಬ್ಬಕ್ಕೆ ಕಾಯಿಯ ಬೇಡಿಕೆ ಏರುವ ಕಾಲ, ಪಳಗಿದ ಚಾಲಕ ಕೈಬಿಟ್ಟರೆ ಅವರಿಗೂ ಕಷ್ಟವೇ. ಮೊದಲು ಬೇಸರದಿಂದ ಮಾತಾಡಿದರು. ಅದೇ ವಿಡಿಯೊ ನೋಡಿದ ಮೇಲೆ ದನಿ ತಗ್ಗಿತು. ಕೊನೆಗೆ ಮಂಡಿಯಲ್ಲೇ ಕಾಯಿ ಎಣಿಸಿ ಲೆಕ್ಕ ಬರೆಯುವ ಕೆಲಸ ಕೊಡಲು ಒಪ್ಪಿದರು. ಸಂಬಳ ಉಳಿಯಿತು, ಟ್ರಿಪ್ಪಿನ ಬಾಟಾ ಹೋಯಿತು. ಮನೆಗೆ ಬರುವ ದುಡ್ಡಿನಲ್ಲಿ ಮೂರನೆಯ ಒಂದು ಪಾಲು ಕಡಿಮೆಯಾಯಿತು. "ಸದ್ಯಕ್ಕೆ ವಾಹನ ಚಲಾಯಿಸಲು ಯೋಗ್ಯರಲ್ಲ, ಚಿಕಿತ್ಸೆಯ ನಂತರ ಮರುಪರಿಶೀಲನೆ" ಎಂದು ಬರೆದು ಸಹಿ ಹಾಕಿಕೊಟ್ಟೆ. ಆ ಸದ್ಯಕ್ಕೆ ಎಂಬುದನ್ನು ಅವರು ಬೆರಳಿಟ್ಟು ಎರಡು ಸಲ ಓದಿದರು.

ಬೈಕನ್ನು ಎಲ್ಲರೂ ಮರೆಯುತ್ತಾರೆ. ಟೆಂಪೊ ಬಿಟ್ಟವರು ಮಂಡಿಗೆ ಹೋಗುವುದು ಬೈಕಿನಲ್ಲೇ ಅಲ್ಲವೇ? ಹೆಂಡತಿಯ ಅಣ್ಣನ ಮಗ ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವ ಏರ್ಪಾಡಾಯಿತು. ಕಾಯಿ ಸುಲಿಯುವ ಕಬ್ಬಿಣದ ಮೊನೆಯ ಹತ್ತಿರವೂ ಕೂರಬಾರದು ಎಂದು ಸೇರಿಸಿದೆ.

ತಜ್ಞರ ಶಿಫಾರಸು ನಮೂನೆಯಲ್ಲಿ ವಯಸ್ಸು, ತೂಕ, ಪರೀಕ್ಷೆಯ ಅಂಕ ಎಲ್ಲಕ್ಕೂ ಜಾಗವಿತ್ತು, ಉದ್ಯೋಗಕ್ಕೆ ಇರಲಿಲ್ಲ. ಬೇರೆಯೇ ಒಂದು ಪತ್ರ ಬರೆದು ಮೊದಲ ಸಾಲಿನಲ್ಲೇ ರಾತ್ರಿ ಸರಕು ವಾಹನ ಚಾಲಕರು, ಎಪ್‌ವರ್ತ್ 17, ರಸ್ತೆಯಲ್ಲಿ ಜೋಂಪು ಹತ್ತಿದ ಇತಿಹಾಸವಿದೆ ಎಂದು ಹಾಕಿದೆ. ಕೆಲಸ ಬಿಡಿಸಿದ್ದೇವೆ, ಮನೆ ನಡೆಯುವುದು ಕಷ್ಟ ಎಂಬುದನ್ನೂ ಬರೆದೆ. ಬೆಂಗಳೂರಿನ ಪರೀಕ್ಷೆಯ ದಿನಾಂಕ ದಸರಾ ಮುಗಿದ ವಾರಕ್ಕೇ ಬಂತು. ಇಂಥ ಪಟ್ಟಿಗಳಲ್ಲಿ ಬಂದ ಸರದಿಯಂತೆ ಎಲ್ಲರನ್ನೂ ನಿಲ್ಲಿಸುವುದು ನ್ಯಾಯವೆಂದು ಕಾಣುತ್ತದೆ, ಆದರೆ ಸ್ಟೇರಿಂಗ್ ಹಿಡಿಯುವವರು, ಎತ್ತರದಲ್ಲಿ ಕೆಲಸ ಮಾಡುವವರು, ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಮುಂದೆ ಬರಲೇಬೇಕು.

ರಾತ್ರಿಗಳು

ಅಂಗಾತ 56, ಮಗ್ಗುಲಿಗೆ 24. ಮಗ್ಗುಲಲ್ಲೇ ಮಲಗಿದರೂ ಕಾಯಿಲೆ ಇರುತ್ತದೆ, ಆದರೆ ತೀವ್ರದಿಂದ ಮಧ್ಯಮಕ್ಕೆ ಇಳಿಯುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಇಷ್ಟು ದೊಡ್ಡ ಲಾಭವನ್ನು ಬಿಡುವುದು ಹೇಗೆ? ಮಗ್ಗುಲಾಗಿ ಮಲಗಿ ಎಂದು ಹೇಳಿದರೆ ಸಾಲದು, ನಿದ್ದೆ ಹತ್ತಿದ ಮೇಲೆ ದೇಹ ತನ್ನ ಅಭ್ಯಾಸಕ್ಕೆ ಮರಳುತ್ತದೆ. ಬೆನ್ನಿಗೆ ಚೆಂಡು ಕಟ್ಟುವುದು ಹಳೆಯ ಉಪಾಯ. ಆಕೆ ಹಳೆಯ ಲುಂಗಿಯ ತುಂಡಿನಿಂದ ಬನಿಯನ್ನಿನ ಬೆನ್ನಿಗೆ, ಎರಡು ಭುಜದ ಮೂಳೆಗಳ ನಡುವೆ ಬರುವಂತೆ, ಉದ್ದನೆಯ ಜೇಬು ಹೊಲಿದು, ಮಗನ ಕ್ರಿಕೆಟ್ಟಿನ ಎರಡು ಟೆನಿಸ್ ಚೆಂಡುಗಳನ್ನು ಅದರೊಳಗಿಟ್ಟು ಬಾಯಿಗೆ ಗುಂಡಿ ಹಾಕಿದರು. ಮೊದಲು ಚೆಂಡುಗಳು ಸೊಂಟಕ್ಕೆ ಜಾರುತ್ತಿದ್ದವು. ನಡುವೆ ಒಂದು ಅಡ್ಡ ಹೊಲಿಗೆ ಹಾಕಿದ ಮೇಲೆ ನಿಂತವು. ಮಗ ಮೊದಮೊದಲು ಮುನಿಸಿಕೊಂಡಿದ್ದನಂತೆ, ಆಮೇಲೆ ತಾನೇ ಮಲಗುವ ಮುಂಚೆ ಅಪ್ಪನ ಬೆನ್ನು ಮುಟ್ಟಿ ನೋಡುತ್ತಿದ್ದನಂತೆ. ಎದೆಗೆ ತಬ್ಬಿಕೊಳ್ಳಲು ಒಂದು ದಿಂಬು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು ಎತ್ತರಿಸಿದರು. ದಿಂಬು ಪೇರಿಸಿ ತಲೆ ಎತ್ತರಿಸಿದರೆ ಕುತ್ತಿಗೆ ಮಡಚಿ ದಾರಿ ಇನ್ನಷ್ಟು ಕಿರಿದಾಗುತ್ತದೆ, ಆದ್ದರಿಂದ ಮಂಚವನ್ನೇ ಓರೆ ಮಾಡಬೇಕು.

ಅಂಗಿಯ ಜೇಬಿನಲ್ಲಿ ಏನೇನು ಮಾತ್ರೆ ಇದೆ ಎಂದು ಕೇಳಿದಾಗ ಇನ್ನೊಂದು ವಿಷಯ ಹೊರಬಿತ್ತು. ಹಗಲು ಮಲಗಿದಾಗ ನಿದ್ದೆ ಚೆನ್ನಾಗಿ ಬರಲೆಂದು ಯಾರೋ ಕೊಟ್ಟಿದ್ದ ಆಲ್ಪ್ರಾಜೊಲಾಂ ಎಂಬ ನಿದ್ದೆ ತರಿಸುವ ಮಾತ್ರೆಯನ್ನು ಅಪರೂಪಕ್ಕೊಮ್ಮೆ ನುಂಗುತ್ತಿದ್ದರು. ಅದು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ಎಚ್ಚರಗೊಳ್ಳುವುದನ್ನೂ ತಡಮಾಡುತ್ತದೆ. ಮೂಗು ಕಟ್ಟುತ್ತದೆಂದು ಪ್ರತಿದಿನ ನೆಗಡಿ ಮಾತ್ರೆ. ಅದರಲ್ಲಿದ್ದ ಕ್ಲೋರ್‌ಫೆನಿರಮೈನ್ ಮಂಪರು ತರಿಸುವುದಕ್ಕೇ ಹೆಸರಾದದ್ದು. ಎರಡನ್ನೂ ನಿಲ್ಲಿಸಿದೆವು. ಆಲ್ಪ್ರಾಜೊಲಾಂ ಅಪರೂಪಕ್ಕೆ ಮಾತ್ರ ನುಂಗುತ್ತಿದ್ದುದರಿಂದ ತಕ್ಷಣ ಬಿಡಬಹುದಾಗಿತ್ತು. ದಿನವೂ ನುಂಗುವವರು ವೈದ್ಯರ ಮೇಲ್ವಿಚಾರಣೆಯಲ್ಲಿ ಮೆಲ್ಲಗೆ ಇಳಿಸಬೇಕು. ಮೂಗಿಗೆ ಉಪ್ಪುನೀರಿನ ತೊಳೆತ ಮತ್ತು ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟೆ. ವಾರದ ಕೊನೆಯ ಕ್ವಾರ್ಟರ್ ಬಿಡಬೇಕೆಂದಾಗ ತಕರಾರು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಕುಡಿದ ರಾತ್ರಿಗಳಲ್ಲೇ ಉಸಿರು ಹೆಚ್ಚು ಹೊತ್ತು ನಿಲ್ಲುವುದನ್ನು ಆಕೆ ಬಹಳ ಹಿಂದೆಯೇ ಗಮನಿಸಿದ್ದರು. ವೈದ್ಯರು ಅಳೆದು ತಿಳಿಯುವುದನ್ನು ಮನೆಯವರು ನೋಡಿ ತಿಳಿದಿರುತ್ತಾರೆ, ನಾವು ಕೇಳಬೇಕಷ್ಟೆ.

ರಾತ್ರಿ ಲೋಡು ನಿಂತದ್ದರಿಂದ ಇನ್ನೊಂದು ಲಾಭವಾಯಿತು. ಬಹಳ ವರ್ಷಗಳ ನಂತರ ಅವರು ಒಂದೇ ಕಂತಿನಲ್ಲಿ, ಒಂದೇ ಹೊತ್ತಿಗೆ ಮಲಗತೊಡಗಿದರು. ಉಸಿರು ಕಟ್ಟುವುದು ನಿಲ್ಲಲಿಲ್ಲ, ಆದರೆ ಅದರ ಮೇಲೆ ಹೇರಿಕೊಂಡಿದ್ದ ನಿದ್ದೆಯ ಸಾಲವಾದರೂ ಬೆಳೆಯುವುದು ನಿಂತಿತು.

ಹಗಲುಗಳು

ಸುಸ್ತಿಗೆಲ್ಲ ಆಪ್ನಿಯಾವನ್ನೇ ಹೊಣೆ ಮಾಡುವುದು ಕೂಡ ಸುಲಭದ ಉತ್ತರವೇ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಸರಿ ಇತ್ತು. ಬಿ12 ತುಂಬ ಕಡಿಮೆ. ಶುದ್ಧ ಸಸ್ಯಾಹಾರಿಗಳ ಮನೆಯಲ್ಲಿ ಇದು ಅಪರೂಪವಲ್ಲ. ಚುಚ್ಚುಮದ್ದು ಶುರುವಾಗಿ ಕೆಲವು ವಾರಗಳಲ್ಲಿ ಕಾಲಿನ ಜೋಮು ಕಡಿಮೆಯಾಯಿತು, ಮೆಟ್ಟಿಲು ಹತ್ತುವಾಗಿನ ಬಳಲಿಕೆಯೂ ಇಳಿಯಿತು. ಕೂತಲ್ಲೇ ತೂಗುವುದು ಮಾತ್ರ ಇಳಿಯಲಿಲ್ಲ. ದೇಹದ ಬಳಲಿಕೆ ಬೇರೆ, ನಿದ್ದೆಯ ಎಳೆತ ಬೇರೆ. ಮೊದಲನೆಯದಕ್ಕೆ ಮದ್ದು ಇತ್ತು, ಎರಡನೆಯದಕ್ಕೆ ಯಂತ್ರವೇ ಬರಬೇಕಿತ್ತು. ಇದನ್ನು ಮೊದಲೇ ಹೇಳಿದ್ದರಿಂದ ಅವರು ನಿರಾಶರಾಗಲಿಲ್ಲ. ರಕ್ತದೊತ್ತಡಕ್ಕೂ ಮಾತ್ರೆ ಆರಂಭಿಸಿದೆ, ಯಂತ್ರ ಬಂದ ಮೇಲೆ ನೋಡೋಣ ಎಂದು ಮುಂದೂಡುವ ವಿಷಯ ಅದಲ್ಲ.

ಮಂಡಿಯಲ್ಲಿ ಊಟದ ನಂತರದ ಎರಡು ಗಂಟೆ ಅತಿ ಕೆಟ್ಟ ಹೊತ್ತು. ಲೆಕ್ಕದ ಪುಸ್ತಕದಲ್ಲಿ ಬೆಳಗಿನ ಅಂಕಿಗಳು ನೆಟ್ಟಗೆ, ಮಧ್ಯಾಹ್ನದವು ಸಾಲು ತಪ್ಪಿ ಇಳಿಜಾರಾಗಿ. ಒಂದೆರಡು ಕಡೆ ಪೆನ್ನು ಕಾಗದದ ಮೇಲೆ ಜಾರಿ ಉದ್ದನೆಯ ಗೆರೆಯಾಗಿತ್ತು. ಆ ಪುಸ್ತಕವನ್ನು ಅವರೇ ತಂದು ತೋರಿಸಿದರು. ಅದನ್ನು ನೋಡಿ ದಿನವನ್ನು ಮರುಜೋಡಿಸಿದೆವು. ಎಣಿಕೆ, ಲೆಕ್ಕ, ವ್ಯಾಪಾರಿಗಳ ಜೊತೆಗಿನ ಮಾತು ಎಲ್ಲ ಹನ್ನೆರಡರೊಳಗೆ. ಊಟಕ್ಕೆ ಮುದ್ದೆಯ ಗಾತ್ರ ಅರ್ಧ, ಜೊತೆಗೆ ಕಾಳು, ಸೊಪ್ಪು ಹೆಚ್ಚು. ಊಟವಾದ ಕೂಡಲೇ ಒಂದು ಲೋಟ ಕಾಫಿ, ಹಿಂದೆಯೇ ಚೀಲಗಳಿಗೆ ಒರಗಿ ಮಗ್ಗುಲಾಗಿ ಇಪ್ಪತ್ತು ನಿಮಿಷ ನಿದ್ದೆ, ಮೊಬೈಲಿನಲ್ಲಿ ಅಲಾರಂ. ಕಾಫಿಯ ಕೆಫೀನು ಕೆಲಸ ಶುರುಮಾಡಲು ಸುಮಾರು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಒಟ್ಟಿಗೆ ಒದಗುತ್ತವೆ. ಅರ್ಧ ಗಂಟೆ ಮೀರಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಇನ್ನಷ್ಟು ಭಾರವಾಗುತ್ತದೆ. ಮೂರು ಗಂಟೆಯ ನಂತರ ಕಾಫಿ ಟೀ ಇಲ್ಲ. ಯಜಮಾನರು ಒಪ್ಪದಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ. ಮಲಗಿದ್ದಾನೆ ಎಂದು ಆಡಿಕೊಂಡ ಹಮಾಲರಿಗೆ ಅವರೇ, "ಅದು ಡಾಕ್ಟರು ಬರೆದಿರುವ ಔಷಧ" ಎಂದು ಹೇಳಿದರಂತೆ.

ತೂಕದ ಬಗ್ಗೆ ಹೆಚ್ಚು ಒತ್ತಾಯ ಮಾಡಲಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದೀರ್ಘಕಾಲ ನಡೆದ ಅಧ್ಯಯನದ 2000ರ ವರದಿಯ ಪ್ರಕಾರ ತೂಕ ಶೇಕಡಾ 10 ಇಳಿದರೆ ಉಸಿರು ಕಟ್ಟುವ ಲೆಕ್ಕ ಸುಮಾರು ಶೇಕಡಾ 26ರಷ್ಟು ಇಳಿಯುತ್ತದೆ. ಒಳ್ಳೆಯದೇ, ಆದರೆ ನಿದ್ದೆಗೆಟ್ಟ ದೇಹಕ್ಕೆ ಹಸಿವು ಹೆಚ್ಚು, ನಡೆಯುವ ಉತ್ಸಾಹ ಕಡಿಮೆ. ತೂಕ ಇಳಿಸಿ ಬನ್ನಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಕ್ರೂರ. ಬೆಳಿಗ್ಗೆ ಬಿಸಿಲಿಗೆ ಅರ್ಧ ಗಂಟೆ ತೋಟದ ಕಡೆ ನಡಿಗೆ ಎಂದಷ್ಟೇ ಹೇಳಿದೆ. ಎರಡು ಕಿಲೊ ಇಳಿಯಿತು.

ಬೇಡವೆಂದು ತಳ್ಳಿದವುಗಳಲ್ಲಿ ಒಂದರ ಬಗ್ಗೆ ಬರೆಯಲೇಬೇಕು. ನೆಂಟರ ಮನೆಯಲ್ಲಿ 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಕೊಂಡಿದ್ದ ಆಮ್ಲಜನಕ ಕಾನ್ಸಂಟ್ರೇಟರ್ ಮೂಲೆಯಲ್ಲಿತ್ತು. ಆಮ್ಲಜನಕ ಇಳಿಯುತ್ತದೆ ಎಂದ ಮೇಲೆ ರಾತ್ರಿ ಅದನ್ನೇ ಹಚ್ಚಿದರೆ ಆಗದೇ ಎಂದು ಅವರು ಪ್ರೀತಿಯಿಂದಲೇ ತಂದುಕೊಟ್ಟರು. ಗಂಟಲಿನ ದಾರಿ ಮುಚ್ಚಿರುವಾಗ ಹೊರಗೆ ಎಷ್ಟು ಆಮ್ಲಜನಕವಿದ್ದರೇನು? ಅದಕ್ಕಿಂತ ಹೆಚ್ಚಾಗಿ, ಮೆದುಳನ್ನು ಎಬ್ಬಿಸುವ ಸೂಚನೆಯೇ ಮಂದವಾಗಿ ಉಸಿರು ನಿಲ್ಲುವ ಹೊತ್ತು ಉದ್ದವಾಗಬಹುದು. ಬೈಕಾರ್ಬೊನೇಟ್ ಏರಿದ್ದ ಇವರಲ್ಲಿ ಇಂಗಾಲದ ಡೈಆಕ್ಸೈಡು ಇನ್ನಷ್ಟು ಸೇರಿಕೊಳ್ಳುವ ಭಯವೂ ಇತ್ತು. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಅಂಕಿ ಚೆನ್ನಾಗಿ ಕಾಣುತ್ತಿರುವಾಗಲೇ ಕಾಯಿಲೆ ಬಲಿಯುತ್ತದೆ. ಅದನ್ನು ವಾಪಸು ಕಳಿಸಿದೆವು. ಬಾಯಿಗೆ ಪಟ್ಟಿ ಅಂಟಿಸುವುದು, ಮೂಗಿಗೆ ಸಿಕ್ಕಿಸುವ ಗೊರಕೆಯ ಉಂಗುರ ಇವನ್ನೂ ಬೇಡವೆಂದೆ. ಮೊಡಾಫಿನಿಲ್ ಎಂಬ ಮಾತ್ರೆ ನುಂಗಿದರೆ ನಿದ್ದೆ ಬರುವುದಿಲ್ಲವಂತೆ, ಬರೆದುಕೊಡಿ ಎಂದು ಅವರ ಜೊತೆಗಾರ ಚಾಲಕರೊಬ್ಬರು ಕೇಳಿ ಕಳಿಸಿದ್ದರು. ಯಂತ್ರ ಸರಿಯಾಗಿ ಬಳಸಿದ ಮೇಲೂ ಉಳಿಯುವ ಮಂಪರಿಗೆ ತಜ್ಞರು ಅದನ್ನು ಕೊಡುವುದುಂಟು. ಚಿಕಿತ್ಸೆಯೇ ಇಲ್ಲದೆ ರಸ್ತೆಗಿಳಿಯಲು ಅದನ್ನು ಕೊಡುವುದಿಲ್ಲ.

ದಸರಾಕ್ಕೆ ಮೊದಲು ಮತ್ತೆ ಎಪ್‌ವರ್ತ್ ಕೇಳಿದಾಗ 12. ಹದಿನೇಳರಿಂದ ಹನ್ನೆರಡು. ಮಾತಾಡುತ್ತಾ ಕೂತಾಗಿನ ತೂಕಡಿಕೆ ಹೋಗಿತ್ತು, ಬೆಳಗಿನ ತಲೆನೋವು ವಾರಕ್ಕೊಮ್ಮೆ. ಕೆಟ್ಟ ದಿನಗಳೂ ಇದ್ದವು. ಹಬ್ಬದ ವಾರ ಲೋಡಿನ ಟೆಂಪೊಗಳು ಒಂದರ ಹಿಂದೊಂದು ಹೊರಡುವುದನ್ನು ನೋಡುತ್ತಾ ಕೂತ ಸಂಜೆ ಮನೆಯಲ್ಲಿ ತಟ್ಟೆ ನೂಕಿ ಎದ್ದುಹೋದರಂತೆ. ನಾನು ಯಾರಿಗೂ ಬೇಡವಾದೆ ಎಂಬ ಮಾತು ಬಂದಿತೆಂದು ಆಕೆ ಫೋನ್ ಮಾಡಿದರು. ಅವರನ್ನು ಮರುದಿನವೇ ಕರೆಸಿ ಕೂರಿಸಿಕೊಂಡು, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು, ನಂತರ ತುಂಬ ಹೊತ್ತು ಮಾತಾಡಿದರು. ನಿದ್ದೆಗೆಟ್ಟ ಮನಸ್ಸು ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ಕಾಯುವ ಅವಧಿಯಲ್ಲಿ ಕೇಳಿ ತಿಳಿಯದಿದ್ದರೆ ಇನ್ನು ಯಾವಾಗ?

ದುಡ್ಡು ಹೊಂದಿದ್ದು ಹೀಗೆ: ಹೆಂಡತಿಯ ಸ್ತ್ರೀಶಕ್ತಿ ಸಂಘದಿಂದ 30,000 ಸಾಲ, ಯಜಮಾನರಿಂದ 10,000 ಮುಂಗಡ, ಉಳಿದದ್ದು ಮನೆಯದು. ಸಂಘದ ಕಂತಿಗೆ ಆಕೆ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಎತ್ತಿಟ್ಟಿದ್ದಾರೆ.

ಬೆಂಗಳೂರಿನ ರಾತ್ರಿಯ ಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡು ಸಹಜ ಮಿತಿಯಲ್ಲೇ ಇದೆ ಎಂದು ತಿಳಿಯಿತು, ಸಾಮಾನ್ಯ ಸಿಪ್ಯಾಪ್ ಸಾಕಾಯಿತು. ಒತ್ತಡ 11 ಸೆಂಟಿಮೀಟರ್ ನೀರಿನ ಮಟ್ಟಕ್ಕೆ ನಿಂತಿತು. ಮೊದಲ ವಾರ ಸುಲಭವಿರಲಿಲ್ಲ. ಪೂರ್ತಿ ಮುಖದ ಮುಖವಾಡ ಅವರ ದಪ್ಪ ಮೀಸೆಯ ಅಂಚಿನಲ್ಲಿ ಸೋರಿ ಕಣ್ಣಿಗೆ ಗಾಳಿ ಬಡಿಯುತ್ತಿತ್ತು. ಮೂಗಿನ ಮುಖವಾಡಕ್ಕೆ ಬದಲಿಸಿದ ಮೇಲೆ ಸರಿಯಾಯಿತು. ಉಸಿರು ಕಟ್ಟಿದಂತಾಗುತ್ತದೆ ಎಂದಾಗ, ಸಂಜೆ ಧಾರಾವಾಹಿ ನೋಡುತ್ತಾ ಅರ್ಧ ಗಂಟೆ ಹಾಕಿಕೊಂಡು ಕೂರಲು ಹೇಳಿದೆ, ಮಲಗಲು ಅಲ್ಲ, ಬರೀ ಅಭ್ಯಾಸಕ್ಕೆ. ರಾತ್ರಿ ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಅದಕ್ಕೆ ಇನ್ವರ್ಟರ್ ಇಲ್ಲ; ಅಂಥ ರಾತ್ರಿಗೆ ಚೆಂಡಿನ ಬನಿಯನ್ನು ಇನ್ನೂ ಮಂಚದ ಪಕ್ಕದಲ್ಲೇ ಇದೆ.

ಆರು ವಾರಗಳ ನಂತರ, ಬಳಕೆಯ ಲೆಕ್ಕ ದಾಖಲಾಗುವ ಯಂತ್ರದ ಕಾರ್ಡು ತೆಗೆದು ನೋಡಿದೆವು. ಸರಾಸರಿ ಬಳಕೆ ರಾತ್ರಿಗೆ ಐದೂವರೆ ಗಂಟೆ, ಉಳಿದ ಉಸಿರುಗಟ್ಟುವಿಕೆ ಗಂಟೆಗೆ 4ಕ್ಕಿಂತ ಕಡಿಮೆ. ಎಪ್‌ವರ್ತ್ 6. ರಕ್ತದೊತ್ತಡ 134/84, ಮಾತ್ರೆ ಮುಂದುವರಿದಿದೆ. ಮೂತ್ರಕ್ಕೆ ರಾತ್ರಿ ಒಮ್ಮೆ ಎದ್ದರೆ ಹೆಚ್ಚು. ಹೆಂಡತಿಯೂ ಬೆಳಗಿನವರೆಗೆ ಮಲಗುತ್ತಿದ್ದಾರೆ. ಹಗಲಿನ ಹೊತ್ತು ತುಮಕೂರಿನವರೆಗಿನ ಲೋಡಿಗೆ, ಜೊತೆಗೆ ಕ್ಲೀನರ್ ಇರಬೇಕೆಂಬ ಷರತ್ತಿನ ಮೇಲೆ, ಸಹಿ ಹಾಕಿಕೊಟ್ಟಿದ್ದೇನೆ. ರಾತ್ರಿ ಲೋಡಿಗೆ ಇನ್ನೂ ಇಲ್ಲ. ರಾತ್ರಿ ಓಡಿಸುವವರು ಯಂತ್ರವನ್ನು ಹಗಲಿನ ನಿದ್ದೆಗೆ ಹಾಕಿಕೊಳ್ಳಬೇಕು, ಆ ನಿದ್ದೆ ಪೂರ್ತಿಯಾಗುತ್ತದೆಯೇ ಎಂಬುದನ್ನು ಕಾರ್ಡಿನಲ್ಲೇ ನೋಡಬೇಕು. ಅವರು ಈಗಾಗಲೇ ಕೇಳಿದ್ದಾರೆ, ಬಾಟಾ ಇಲ್ಲದೆ ಸಾಲದ ಕಂತು ಭಾರವೆಂಬುದು ನನಗೂ ಗೊತ್ತು. ಸಂಕ್ರಾಂತಿ ಕಳೆದ ಮೇಲೆ ಕಾರ್ಡು ತೆಗೆದುಕೊಂಡು ಬರಲು ಹೇಳಿದ್ದೇನೆ.